ಹ್ಯಾಕಿಂಗ್ ಟೂಲ್‌ಗಳು ಮತ್ತು ಅವನ್ನು ಬರೆದ ಜನ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು, ಅವರ ಅಪ್ಪ ಅಮ್ಮ, ಸಣ್ಣ ಆಫೀಸುಗಳಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಎನ್‌ಮ್ಯಾಪ್, ವೈರ್‌ಶಾರ್ಕ್, ಮೆಟಾಸ್ಪ್ಲಾಯ್ಟ್, ಕಾಳಿ ಲಿನಕ್ಸ್ ಎಂಬ ಹೆಸರು ಕೇಳಿದ್ದೀರಿ, ಆದರೆ ಮುಟ್ಟಬಹುದೋ ಬೇಡವೋ ಎಂಬ ಅನುಮಾನ ಇದೆ ಅಂದರೆ ಇದು ನಿಮಗಾಗಿ. ಟೂಲ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದರ ಜೊತೆಗೆ ಅದನ್ನು ಯಾರು ಬರೆದರು, ಯಾಕೆ ಎಲ್ಲರಿಗೂ ಹಂಚಿದರು ಅನ್ನುವುದನ್ನೂ ಹೇಳಿದ್ದೇನೆ. ಆ ಕಥೆ ಗೊತ್ತಿಲ್ಲದೆ ಬರೀ ಟೂಲ್ ಹಿಡಿದವರು ಬೇಗ ತೊಂದರೆಗೆ ಸಿಕ್ಕಿಕೊಳ್ಳುತ್ತಾರೆ.

ಇವನ್ನೆಲ್ಲ ಬರೆದವರು ಕಳ್ಳರೇ ಅಲ್ವಾ?

ಅಲ್ಲ. ಹೆಚ್ಚಿನವರು ತಮ್ಮ ಕೆಲಸಕ್ಕೆ ಬೇಕಾದ ಸಲಕರಣೆ ಸಿಗದೆ ತಾವೇ ಮಾಡಿಕೊಂಡವರು. ಜೆರಾಲ್ಡ್ ಕೂಂಬ್ಸ್ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ಕೆಲಸಕ್ಕಿದ್ದರು. ನೆಟ್‌ವರ್ಕ್‌ನಲ್ಲಿ ಏನು ಹರಿಯುತ್ತಿದೆ ಎಂದು ತೋರಿಸುವ ಉಪಕರಣಗಳು ಆಗ ವಿಪರೀತ ದುಬಾರಿ. ಅದಕ್ಕೇ 1998ರಲ್ಲಿ ಈಥರಿಯಲ್ ಎಂಬ ಪ್ರೋಗ್ರಾಂ ಬರೆದು ಎಲ್ಲರಿಗೂ ಕೊಟ್ಟರು. 2006ರಲ್ಲಿ ಅವರು ಕೆಲಸ ಬದಲಿಸಿದಾಗ ಆ ಹೆಸರಿನ ಟ್ರೇಡ್‌ಮಾರ್ಕ್ ಹಳೆಯ ಕಂಪನಿಯಲ್ಲೇ ಉಳಿಯಿತು. ಹಾಗಾಗಿ ಪ್ರೋಗ್ರಾಂಗೆ ಹೊಸ ಹೆಸರಿಟ್ಟರು. ಅದೇ ವೈರ್‌ಶಾರ್ಕ್.

ನೆಟ್‌ವರ್ಕ್‌ನಲ್ಲಿರುವ ಕಂಪ್ಯೂಟರ್‌ಗಳು ಯಾವ ಯಾವ ಸೇವೆ ಕೊಡುತ್ತಿವೆ ಎಂದು ಹುಡುಕುವ ಎನ್‌ಮ್ಯಾಪ್ ಬರೆದವರು ಗಾರ್ಡನ್ ಲಿಯಾನ್. ಹ್ಯಾಕರ್ ಲೋಕ ಅವರನ್ನು ಕರೆಯುವುದು ಫಿಯೋಡೋರ್ ಎಂದು. 1997ರ ಸೆಪ್ಟೆಂಬರ್‌ನಲ್ಲಿ ಫ್ರ್ಯಾಕ್ ಎಂಬ ಹ್ಯಾಕರ್ ಪತ್ರಿಕೆಯ 51ನೇ ಸಂಚಿಕೆಗೆ ಒಂದು ಲೇಖನ ಬರೆದರು. ಅದರ ಜೊತೆಗೇ ಸುಮಾರು 2,000 ಸಾಲಿನ ಕೋಡ್ ಅಚ್ಚಾಯಿತು. ಇನ್ನೊಂದು ಆವೃತ್ತಿ ತರುವ ಯೋಚನೆಯೇ ಅವರಿಗೆ ಇರಲಿಲ್ಲ. ಆವೃತ್ತಿಗೆ ಒಂದು ನಂಬರ್ ಕೂಡ ಕೊಟ್ಟಿರಲಿಲ್ಲ. ಓದಿದವರು ತಿದ್ದುಪಡಿ ಕಳಿಸಿದರು, ಹೊಸ ಸೌಲಭ್ಯ ಕೇಳಿದರು. ಹಾಗೆ ಬೆಳೆದ ಟೂಲ್ ಇವತ್ತು ಜಗತ್ತಿನ ಹೆಚ್ಚುಕಡಿಮೆ ಎಲ್ಲ ನೆಟ್‌ವರ್ಕ್ ಎಂಜಿನಿಯರ್‌ಗಳ ಕೈಯಲ್ಲಿದೆ.

ಪಾಸ್‌ವರ್ಡ್ ಮುರಿಯುವ ಟೂಲ್ ಜಾನ್ ದಿ ರಿಪ್ಪರ್ 1996ರದ್ದು. ಸೋಲಾರ್ ಡಿಸೈನರ್ ಎಂಬ ಹೆಸರಿನ ರಷ್ಯದ ಪ್ರೋಗ್ರಾಮರ್ ಬರೆದದ್ದು. ಸಿಸ್ಟಂ ನೋಡಿಕೊಳ್ಳುವವರು ತಮ್ಮ ಬಳಕೆದಾರರಲ್ಲಿ ಯಾರ ಪಾಸ್‌ವರ್ಡ್ ದುರ್ಬಲ ಎಂದು ಕಳ್ಳರಿಗಿಂತ ಮೊದಲು ಕಂಡುಕೊಳ್ಳಲು ಅದನ್ನು ಬಳಸುತ್ತಾರೆ. ಕಳ್ಳರೂ ಬಳಸುತ್ತಾರೆ, ನಿಜ. ಅದು ಮುಂದಿನ ಪ್ರಶ್ನೆ.

ಇಷ್ಟು ಅಪಾಯದ ಟೂಲ್‌ಗಳನ್ನು ಪುಕ್ಕಟೆ ಹಂಚುವುದು ತಪ್ಪಲ್ವಾ?

ಈ ಪ್ರಶ್ನೆಗೆ ಮೂವತ್ತು ವರ್ಷದ ಇತಿಹಾಸ ಇದೆ. 1993ರಲ್ಲಿ ಡಾನ್ ಫಾರ್ಮರ್ ಮತ್ತು ವೀಟ್ಸೆ ವೆನೆಮಾ ಒಂದು ಲೇಖನ ಬರೆದರು. ನಿಮ್ಮ ಸಿಸ್ಟಂ ಭದ್ರವಾಗಿದೆಯೇ ಎಂದು ತಿಳಿಯಬೇಕಾದರೆ ನೀವೇ ಅದರೊಳಗೆ ನುಗ್ಗಲು ಪ್ರಯತ್ನಿಸಿ ಅನ್ನುವುದು ಅದರ ತಿರುಳು. ಎರಡು ವರ್ಷ ಬಿಟ್ಟು, 1995ರ ಏಪ್ರಿಲ್‌ನಲ್ಲಿ, ಅದೇ ಕೆಲಸ ಮಾಡುವ ಟೂಲ್ ಒಂದನ್ನು ಇಂಟರ್ನೆಟ್‌ನಲ್ಲಿ ಬಿಟ್ಟರು. ಅದರ ಹೆಸರು ಸೇಟನ್. ಸೈತಾನ ಎಂಬ ಅರ್ಥ ಬರುವಂತೆ ಬೇಕಂತಲೇ ಇಟ್ಟ ಹೆಸರು. ಇಷ್ಟವಾಗದವರಿಗೆ ಒಂದು ಆಜ್ಞೆ ಇತ್ತು. ಅದನ್ನು ಓಡಿಸಿದರೆ ಹೆಸರು ಸಾಂಟಾ ಎಂದು ಬದಲಾಗುತ್ತಿತ್ತು.

ಪತ್ರಿಕೆಗಳು ಗಾಬರಿ ಹುಟ್ಟಿಸಿದವು. ಇಂಟರ್ನೆಟ್ ಮುಗಿದೇ ಹೋಯಿತು ಎನ್ನುವ ಧಾಟಿಯ ಸುದ್ದಿಗಳು ಬಂದವು. ಫಾರ್ಮರ್ ಆಗ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಲ್ಲಿದ್ದರು, ಈ ಗಲಾಟೆಯಲ್ಲಿ ಅವರ ಕೆಲಸ ಹೋಯಿತು. ಟೂಲ್ ಬಂದ ಮೇಲೆ ಇಂಟರ್ನೆಟ್ ಬೀಳಲಿಲ್ಲ. ಸೇಟನ್ ಹುಡುಕುತ್ತಿದ್ದದ್ದು ಆಗಲೇ ಎಲ್ಲರಿಗೂ ಗೊತ್ತಿದ್ದ, ಯಾರೂ ಮುಚ್ಚದೆ ಬಿಟ್ಟಿದ್ದ ಕೆಲವೇ ತೂತುಗಳನ್ನು. ಎಷ್ಟೋ ಕಡೆ ಸಿಸ್ಟಂ ನೋಡಿಕೊಳ್ಳುವವರು ಅದನ್ನು ಓಡಿಸಿ, ಸಿಕ್ಕಿದ್ದನ್ನು ಮೇಲಧಿಕಾರಿಗೆ ತೋರಿಸಿ, ಸರಿಪಡಿಸಲು ಸಮಯ ಕೇಳಿದರು. ವೆನೆಮಾ ಮುಂದೆ ಪೋಸ್ಟ್‌ಫಿಕ್ಸ್ ಎಂಬ ಮೇಲ್ ಸರ್ವರ್ ಬರೆದರು. ಇವತ್ತಿಗೂ ಅಸಂಖ್ಯ ಇಮೇಲ್‌ಗಳು ಅದರ ಮೂಲಕವೇ ಹೋಗುತ್ತವೆ.

ಆ ಕಾಲದಲ್ಲಿ ಕಂಪನಿಗಳಿಗೆ ದೋಷ ತಿಳಿಸಿದರೆ ಬರುತ್ತಿದ್ದ ಉತ್ತರ ಒಂದೇ: ಇದು ಬರೀ ಸಿದ್ಧಾಂತ, ನಿಜದಲ್ಲಿ ಯಾರಿಗೂ ಮಾಡಲು ಆಗುವುದಿಲ್ಲ. ಬಾಸ್ಟನ್‌ನ ಲಾಫ್ಟ್ ಎಂಬ ಹ್ಯಾಕರ್ ಗುಂಪು ಈ ಮಾತಿನಿಂದ ರೋಸಿಹೋಗಿ, ಸಿದ್ಧಾಂತವನ್ನು ಕಾರ್ಯಕ್ಕೆ ತರುವುದನ್ನೇ ತನ್ನ ಘೋಷಣೆ ಮಾಡಿಕೊಂಡಿತು. ವಿಂಡೋಸ್ ಪಾಸ್‌ವರ್ಡ್ ಎಷ್ಟು ಸುಲಭವಾಗಿ ಮುರಿಯುತ್ತದೆ ಎಂದು ಅವರು ಟೂಲ್ ಬರೆದೇ ತೋರಿಸಿದರು. ಆಮೇಲೆ ಸಿದ್ಧಾಂತ ಅನ್ನುವ ಮಾತು ನಡೆಯಲಿಲ್ಲ.

ಮುಚ್ಚಿಟ್ಟರೆ ಸುರಕ್ಷಿತ ಎಂದು ಇನ್ನೂ ಅನ್ನಿಸುತ್ತಿದ್ದರೆ 2017 ನೆನಪಿಸಿಕೊಳ್ಳಿ. ವಿಂಡೋಸ್‌ನ ಫೈಲ್ ಹಂಚಿಕೆ ವ್ಯವಸ್ಥೆಯಲ್ಲಿದ್ದ ಒಂದು ತೂತನ್ನು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಕಂಡುಹಿಡಿದು, ಮೈಕ್ರೋಸಾಫ್ಟ್‌ಗೂ ಹೇಳದೆ, ವರ್ಷಗಳ ಕಾಲ ತನ್ನ ಬೇಹುಗಾರಿಕೆಗೆ ಬಳಸಿತ್ತು. ಆ ಆಯುಧದ ಹೆಸರು ಎಟರ್ನಲ್‌ಬ್ಲೂ. ಅದು ಕಳವಾಯಿತು. ಶ್ಯಾಡೋ ಬ್ರೋಕರ್ಸ್ ಎಂಬ ಗುಂಪು ಏಪ್ರಿಲ್ 14ರಂದು ಅದನ್ನು ಬಹಿರಂಗ ಮಾಡಿತು. ಮೇ 12ರಂದು ಅದನ್ನೇ ಬಳಸಿ ಹಬ್ಬುವ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ಎಂಬ ಕಳ್ಳ ಪ್ರೋಗ್ರಾಂ ಬಂತು. 150ಕ್ಕೂ ಹೆಚ್ಚು ದೇಶಗಳಲ್ಲಿ ಲಕ್ಷಾಂತರ ಕಂಪ್ಯೂಟರ್‌ಗಳು ಬೀಗ ಬಿದ್ದು ಕೂತವು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಬೇಕಾಯಿತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ತೇಪೆ ಕೊಟ್ಟಿತ್ತು, ಹಾಕಿಕೊಳ್ಳದವರು ಜಾಸ್ತಿ ಇದ್ದರು. ಆ ತೂತು ಮೊದಲೇ ಬಹಿರಂಗವಾಗಿದ್ದರೆ ಎಷ್ಟೋ ವರ್ಷ ಮೊದಲೇ ಮುಚ್ಚಿರುತ್ತಿತ್ತು.

ಹಂಚುವುದರಿಂದ ಹಾನಿಯೇ ಇಲ್ಲ ಎಂದು ನಾನು ಹೇಳುವುದಿಲ್ಲ. ಫ್ರಾನ್ಸಿನ ಬೆಂಜಮಿನ್ ಡೆಲ್ಪಿ ಬರೆದ ಮಿಮಿಕ್ಯಾಟ್ಜ್ ವಿಂಡೋಸ್‌ನ ಮೆಮೊರಿಯಿಂದ ಪಾಸ್‌ವರ್ಡ್ ಎತ್ತುತ್ತದೆ. 2017ರ ಜೂನ್‌ನಲ್ಲಿ ಉಕ್ರೇನಿನಿಂದ ಶುರುವಾಗಿ ಜಗತ್ತಿಗೆಲ್ಲ ಹಬ್ಬಿದ ನಾಟ್‌ಪೆಟ್ಯ ದಾಳಿ ಎಟರ್ನಲ್‌ಬ್ಲೂ ಜೊತೆ ಇದೇ ತಂತ್ರವನ್ನೂ ಬಳಸಿತು. ಆದರೆ ಡೆಲ್ಪಿ ಈ ದೋಷವನ್ನು ಮೊದಲೇ ಮೈಕ್ರೋಸಾಫ್ಟ್‌ಗೆ ತಿಳಿಸಿದ್ದರು. ಅದನ್ನು ದೊಡ್ಡ ವಿಷಯ ಎಂದು ಕಂಪನಿ ಆಗ ಪರಿಗಣಿಸಲಿಲ್ಲ. ಟೂಲ್ ಊರೆಲ್ಲ ಹರಡಿದ ಮೇಲೆಯೇ ಬದಲಾವಣೆ ಬಂದದ್ದು. ಲಾಭ ನಷ್ಟ ಎರಡನ್ನೂ ತೂಗಿ ನೋಡಿದರೆ ನಾನು ಹಂಚುವವರ ಪರ.

ಎನ್‌ಮ್ಯಾಪ್ ನಿಜವಾಗಿ ಏನು ಮಾಡುತ್ತದೆ?

ಒಂದು ಕಂಪ್ಯೂಟರ್ ನೆಟ್‌ವರ್ಕ್‌ನಲ್ಲಿ ಯಾವ ಯಾವ ಸೇವೆ ಕೊಡುತ್ತಿದೆ ಎಂದು ಕೇಳಿ ನೋಡುತ್ತದೆ. ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಟಿಸಿಪಿ ಎಂಬ ಪದ್ಧತಿಯಲ್ಲಿ 0ಯಿಂದ 65,535ರವರೆಗೆ ಪೋರ್ಟ್‌ಗಳಿವೆ, ಅಂದರೆ ಒಂದೊಂದು ಸೇವೆಗೆ ನಂಬರ್ ಹಾಕಿದ ಬಾಗಿಲುಗಳು. ವೆಬ್‌ಸೈಟ್‌ಗಳಿಗೆ 80 ಮತ್ತು 443, ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ಗೆ 22, ಹೀಗೆ. ಎರಡು ಕಂಪ್ಯೂಟರ್‌ಗಳು ಮಾತು ಶುರು ಮಾಡುವಾಗ ಮೊದಲನೆಯದು ಸಿನ್ ಎಂಬ ಪ್ಯಾಕೆಟ್ (ಡೇಟಾದ ಸಣ್ಣ ಕಟ್ಟು) ಕಳಿಸುತ್ತದೆ. ಆ ಪೋರ್ಟ್‌ನಲ್ಲಿ ಸೇವೆ ಇದ್ದರೆ ಎದುರಿನದು ಸಿನ್-ಆಕ್ ಎಂದು ಉತ್ತರಿಸುತ್ತದೆ. ಮೊದಲನೆಯದು ಆಕ್ ಕಳಿಸಿದರೆ ಸಂಪರ್ಕ ಪೂರ್ತಿ.

ಎನ್‌ಮ್ಯಾಪ್ ಸಿನ್ ಕಳಿಸಿ ಕಾಯುತ್ತದೆ. ಸಿನ್-ಆಕ್ ಬಂದರೆ ಪೋರ್ಟ್ ತೆರೆದಿದೆ. ರಿಸೆಟ್ ಬಂದರೆ ಮುಚ್ಚಿದೆ. ಏನೂ ಬರದಿದ್ದರೆ ಮಧ್ಯೆ ಫೈರ್‌ವಾಲ್ ನುಂಗಿದೆ ಎಂದುಕೊಳ್ಳುತ್ತದೆ. ತೆರೆದಿದೆ ಎಂದು ಗೊತ್ತಾದ ಕೂಡಲೇ ಸಂಪರ್ಕ ಪೂರ್ತಿ ಮಾಡದೆ ಅಲ್ಲೇ ಕಡಿದುಬಿಡುತ್ತದೆ, ಅದಕ್ಕೇ ಇದು ಇಷ್ಟು ವೇಗ. ಬೇರೆ ಏನೂ ಹೇಳದಿದ್ದರೆ ಹೆಚ್ಚು ಬಳಕೆಯ 1,000 ಪೋರ್ಟ್‌ಗಳನ್ನು ಮಾತ್ರ ನೋಡುತ್ತದೆ. ಇಲ್ಲಿ ಹೊಸಬರು ಮೋಸ ಹೋಗುತ್ತಾರೆ. ಎಲ್ಲ ಮುಚ್ಚಿದೆ ಎಂದು ವರದಿ ಬರೆಯುತ್ತಾರೆ, 40,000ದ ಆಚೆ ಎಲ್ಲೋ ಒಂದು ಹಳೆಯ ಸೇವೆ ತೆರೆದುಕೊಂಡೇ ಇರುತ್ತದೆ.

ಇನ್ನೊಂದು ಚಂದದ ಕೆಲಸ ಇದೆ. ಒಂದೊಂದು ಆಪರೇಟಿಂಗ್ ಸಿಸ್ಟಂ ವಿಚಿತ್ರ ಪ್ಯಾಕೆಟ್‌ಗಳಿಗೆ ಒಂದೊಂದು ಥರ ಉತ್ತರಿಸುತ್ತದೆ. ಆ ಉತ್ತರಗಳ ಸಣ್ಣ ಸಣ್ಣ ವ್ಯತ್ಯಾಸ ನೋಡಿ, ಎದುರಿರುವುದು ಲಿನಕ್ಸೋ ವಿಂಡೋಸೋ ಎಂದು ಎನ್‌ಮ್ಯಾಪ್ ಊಹಿಸುತ್ತದೆ. ಯಾರೂ ಹೇಳಿಕೊಡದೆ, ಬರೀ ಗಮನಿಸಿ ಕಟ್ಟಿದ ಜ್ಞಾನ ಇದು. ಹ್ಯಾಕರ್ ಮನಸ್ಸು ಹೇಗೆ ಕೆಲಸ ಮಾಡುತ್ತದೆ ಎಂದು ನನ್ನನ್ನು ಕೇಳಿದರೆ ಇದನ್ನೇ ತೋರಿಸುತ್ತೇನೆ.

ಅಭ್ಯಾಸಕ್ಕೆ ಎಂದೇ ಎನ್‌ಮ್ಯಾಪ್ ತಂಡ ಒಂದು ಸರ್ವರ್ ಇಟ್ಟಿದೆ. ವಿಳಾಸ ಸ್ಕ್ಯಾನ್‌ಮಿ ಡಾಟ್ ಎನ್‌ಮ್ಯಾಪ್ ಡಾಟ್ ಆರ್ಗ್. ಸ್ಕ್ಯಾನ್ ಮಾಡಲು ಅವರದೇ ಅನುಮತಿ ಇದೆ. ದಿನಕ್ಕೆ ನಾಲ್ಕಾರು ಸಲ ಸಾಕು, ನೂರಾರು ಸಲ ಬೇಡ.

ವೈರ್‌ಶಾರ್ಕ್ ಇದ್ದರೆ ಬೇರೆಯವರ ವಾಟ್ಸಾಪ್ ಓದಬಹುದಾ?

ಆಗುವುದಿಲ್ಲ. ವಾಟ್ಸಾಪ್ ಸಂದೇಶ ಕಳಿಸುವ ಫೋನಿನಲ್ಲೇ ಗೂಢಲಿಪಿಯಾಗಿ, ಪಡೆಯುವ ಫೋನಿನಲ್ಲೇ ಬಿಚ್ಚಿಕೊಳ್ಳುತ್ತದೆ. ನಡುವೆ ಪ್ಯಾಕೆಟ್ ಹಿಡಿದರೆ ಅರ್ಥವಿಲ್ಲದ ಬೈಟ್‌ಗಳ ರಾಶಿ ಸಿಗುತ್ತದೆ, ಅಷ್ಟೇ.

ಮೊದಲು ಹೀಗಿರಲಿಲ್ಲ. 2010ರ ಅಕ್ಟೋಬರ್‌ನಲ್ಲಿ ಎರಿಕ್ ಬಟ್ಲರ್ ಎಂಬ ಪ್ರೋಗ್ರಾಮರ್ ಫೈರ್‌ಶೀಪ್ ಎಂಬ ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್ ಬಿಟ್ಟರು. ಕಾಫಿ ಅಂಗಡಿಯ ತೆರೆದ ವೈಫೈನಲ್ಲಿ ಕೂತು ಒಂದು ಗುಂಡಿ ಒತ್ತಿದರೆ ಸಾಕು. ಅಲ್ಲಿ ಫೇಸ್‌ಬುಕ್ ತೆರೆದವರ ಹೆಸರು ಫೋಟೊ ಪಕ್ಕದಲ್ಲಿ ಬರುತ್ತಿತ್ತು. ಅದರ ಮೇಲೆ ಒತ್ತಿದರೆ ಅವರ ಅಕೌಂಟಿನೊಳಗೇ ಹೋಗಬಹುದಿತ್ತು. ಲಾಗಿನ್ ಆಗುವಾಗ ಮಾತ್ರ ಗೂಢಲಿಪಿ ಬಳಸಿ, ಲಾಗಿನ್ ಆದವರು ನೀವೇ ಎಂದು ಸೈಟ್‌ಗೆ ತೋರಿಸುವ ಆಮೇಲಿನ ಕುಕಿಯನ್ನು ಬರಿಗಣ್ಣಿಗೆ ಕಾಣುವಂತೆ ಕಳಿಸುತ್ತಿದ್ದುದೇ ಕಾರಣ. ಪರಿಣತರಿಗೆ ಇದು ವರ್ಷಗಳಿಂದ ಗೊತ್ತಿತ್ತು. ಎಲ್ಲರ ಕಣ್ಣಿಗೂ ಬಿದ್ದಿದ್ದು ಆ ಗುಂಡಿಯಿಂದ. 2011ರ ಜನವರಿಯಲ್ಲಿ ಫೇಸ್‌ಬುಕ್ ಎಲ್ಲವನ್ನೂ ಗೂಢಲಿಪಿಯಲ್ಲೇ ಕಳಿಸುವ ಎಚ್‌ಟಿಟಿಪಿಎಸ್ ಆಯ್ಕೆ ಕೊಟ್ಟಿತು, 2013ರ ಹೊತ್ತಿಗೆ ಎಲ್ಲರಿಗೂ ಅದೇ ಆಯಿತು.

ಈಗಲೂ ವೈರ್‌ಶಾರ್ಕ್‌ನಲ್ಲಿ ಕಾಣುವುದು ಇದೆ. ನೀವು ಯಾವ ಸೈಟ್‌ಗೆ ಹೋದಿರಿ ಎಂಬ ಡಿಎನ್‌ಎಸ್ ಪ್ರಶ್ನೆ ಹೆಚ್ಚಾಗಿ ಕಾಣುತ್ತದೆ. ಮನೆಯ ಸಿಸಿ ಕ್ಯಾಮೆರಾ, ಸ್ಮಾರ್ಟ್ ಟಿವಿ ಯಾರ ಜೊತೆ ಮಾತಾಡುತ್ತಿವೆ ಎಂದೂ ಕಾಣುತ್ತದೆ. ಒಂದು ಸಂಜೆ ನಿಮ್ಮ ಮನೆಯ ನೆಟ್‌ವರ್ಕನ್ನೇ ನೋಡಿ. ಪುಸ್ತಕದಲ್ಲಿ ಓದಿದ್ದು ಆಗ ತಲೆಗೆ ಹತ್ತುತ್ತದೆ.

ವೈಫೈ ಪಾಸ್‌ವರ್ಡ್ ಮುರಿಯುವುದು ಅಷ್ಟು ಸುಲಭನಾ?

ನೀವು ಏನು ಇಟ್ಟಿದ್ದೀರಿ ಅನ್ನುವುದರ ಮೇಲೆ ಇದೆ. ಹಳೆಯ ವೆಪ್ ವಿಧಾನದ ಗೂಢಲಿಪಿಯಲ್ಲೇ ದೋಷ ಇತ್ತು. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಅದನ್ನು ತೋರಿಸಿದರು. ಪಾಸ್‌ವರ್ಡ್ ಏನೇ ಇದ್ದರೂ ಅದು ಮುರಿಯುತ್ತಿತ್ತು. ಈಗಿನ ಡಬ್ಲ್ಯುಪಿಎ2ನಲ್ಲಿ ಹಾಗಿಲ್ಲ. ಫೋನ್ ರೂಟರ್‌ಗೆ ಸೇರುವಾಗ ನಡೆಯುವ ನಾಲ್ಕು ಹಂತದ ಮಾತುಕತೆಯನ್ನು ಹಿಡಿದು, ಆಮೇಲೆ ಒಂದೊಂದೇ ಪಾಸ್‌ವರ್ಡ್ ಊಹಿಸಿ ತಾಳೆ ನೋಡಬೇಕು. ಏರ್‌ಕ್ರ್ಯಾಕ್, ಹ್ಯಾಶ್‌ಕ್ಯಾಟ್ ಮಾಡುವುದು ಇದನ್ನೇ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ವೈಫೈ ಪಾಸ್‌ವರ್ಡ್ ಅಂದರೆ ಮನೆಯವರ ಮೊಬೈಲ್ ನಂಬರ್. ಹತ್ತು ಅಂಕಿ ಇದೆ, ಗಟ್ಟಿ ಎಂಬ ಭಾವನೆ. ಲೆಕ್ಕ ಹಾಕೋಣ. ಭಾರತದ ಮೊಬೈಲ್ ನಂಬರ್ 6, 7, 8 ಅಥವಾ 9ರಿಂದ ಶುರುವಾಗುತ್ತದೆ. ಅಂದರೆ ಒಟ್ಟು ಸಾಧ್ಯತೆ 400 ಕೋಟಿ. ಆಟಕ್ಕೆಂದು ಕೊಳ್ಳುವ ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಹತ್ತು ಲಕ್ಷ ಊಹೆ ಮಾಡಬಲ್ಲದು. 4,000 ಸೆಕೆಂಡಿನಲ್ಲಿ ಎಲ್ಲ ಮುಗಿಯುತ್ತದೆ. ಒಂದು ಗಂಟೆ ಚಿಲ್ಲರೆ!

ಇನ್ನು ಹೆಸರು, ಹುಟ್ಟಿದ ವರ್ಷ ಇಟ್ಟವರ ಪಾಸ್‌ವರ್ಡ್‌ಗಳು ಪಟ್ಟಿಯಲ್ಲೇ ಸಿಗುತ್ತವೆ. 2009ರಲ್ಲಿ ರಾಕ್‌ಯೂ ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡ್ ಸೋರಿತು. ಗೂಢಲಿಪಿ ಇಲ್ಲದೆ ಹಾಗೇ ಇಟ್ಟಿದ್ದರು. ಅದರಿಂದ ಮಾಡಿದ ಪಟ್ಟಿ ಕಾಳಿ ಲಿನಕ್ಸ್ ಜೊತೆಗೇ ಬರುತ್ತದೆ. ಪರಸ್ಪರ ಸಂಬಂಧ ಇಲ್ಲದ ನಾಲ್ಕೈದು ಪದ ಸೇರಿಸಿ ಉದ್ದನೆಯ ಪಾಸ್‌ವರ್ಡ್ ಇಡಿ. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೂ ಆಗುತ್ತದೆ, ಪ್ರಸಿದ್ಧ ಹಾಡಿನ ಸಾಲು ಮಾತ್ರ ಬೇಡ.

ಮೆಟಾಸ್ಪ್ಲಾಯ್ಟ್ ಯಾಕೆ ಅಷ್ಟು ಹೆಸರುವಾಸಿ?

ತೂತುಗಳೊಳಗೆ ನುಗ್ಗಿ ಪರೀಕ್ಷಿಸುವ ಕೋಡ್‌ಗಳನ್ನೆಲ್ಲ ಒಂದೇ ಕಡೆ ಜೋಡಿಸಿಟ್ಟ ಟೂಲ್ ಅದು. ಅದಕ್ಕೂ ಮೊದಲು ಒಂದೊಂದು ತೂತಿಗೆ ಒಂದೊಂದು ಕೋಡ್ ಇತ್ತು. ಯಾರೋ ಎಲ್ಲೋ ಬರೆದದ್ದು, ಅರ್ಧ ಓಡುತ್ತಿರಲಿಲ್ಲ. ಎಚ್. ಡಿ. ಮೂರ್ 2003ರಲ್ಲಿ ಅದನ್ನು ಎರಡು ಭಾಗ ಮಾಡಿದರು. ತೂತಿನೊಳಗೆ ನುಗ್ಗುವ ಎಕ್ಸ್‌ಪ್ಲಾಯ್ಟ್ ಒಂದು, ನುಗ್ಗಿದ ಮೇಲೆ ಓಡುವ ಪೇಲೋಡ್ ಇನ್ನೊಂದು. ಯಾವುದಕ್ಕೆ ಯಾವುದನ್ನು ಬೇಕಾದರೂ ಜೋಡಿಸಬಹುದು. ಮೊದಲು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿತ್ತು, ಆಮೇಲೆ ರೂಬಿ ಎಂಬ ಭಾಷೆಯಲ್ಲಿ ಪೂರ್ತಿ ಹೊಸದಾಗಿ ಬರೆದರು. 2009ರಲ್ಲಿ ರ‍್ಯಾಪಿಡ್7 ಕಂಪನಿ ಕೊಂಡುಕೊಂಡಿತು, ಮೂಲ ಚೌಕಟ್ಟು ಈಗಲೂ ಓಪನ್ ಸೋರ್ಸ್.

ಕಾಳಿ ಲಿನಕ್ಸ್ ಹಾಕಿಕೊಂಡರೆ ಹ್ಯಾಕರ್ ಆಗ್ತೀನಾ?

ಇಲ್ಲ. ಕಾಳಿ ಅಂದರೆ ಡೆಬಿಯನ್ ಲಿನಕ್ಸ್ ಮೇಲೆ ಆರುನೂರಕ್ಕೂ ಹೆಚ್ಚು ಟೂಲ್ ಜೋಡಿಸಿಟ್ಟ ಒಂದು ವ್ಯವಸ್ಥೆ. ಬ್ಯಾಕ್‌ಟ್ರ್ಯಾಕ್ ಎಂಬ ಹಳೆಯದರ ಬದಲಿಗೆ 2013ರ ಮಾರ್ಚ್‌ನಲ್ಲಿ ಬಂತು. ಅಡುಗೆಮನೆ ತುಂಬ ಪಾತ್ರೆ ಜೋಡಿಸಿದ ಮಾತ್ರಕ್ಕೆ ಅಡುಗೆ ಬರುವುದಿಲ್ಲ ಅಲ್ವಾ? ದಿನನಿತ್ಯದ ಲ್ಯಾಪ್‌ಟಾಪ್‌ಗೆ ಕಾಳಿ ಬೇಡ. ಉಬುಂಟು ಅಥವಾ ಡೆಬಿಯನ್ ಬಳಸಿ ಲಿನಕ್ಸ್ ಕಲಿಯಿರಿ. ಕಾಳಿಯನ್ನು ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್ ಒಳಗೆ ಬೇರೆಯಾಗಿ ಇಡಿ.

ಭಾರತದಲ್ಲಿ ಇವನ್ನು ಬಳಸುವುದು ಕಾನೂನುಬದ್ಧವಾ?

ನಮ್ಮ ಐಟಿ ಕಾಯ್ದೆ 2000ನೇ ಇಸವಿಯದು, 2008ರಲ್ಲಿ ದೊಡ್ಡ ತಿದ್ದುಪಡಿ ಆಯಿತು. ಇಂಥ ಟೂಲ್ ಇಟ್ಟುಕೊಳ್ಳುವುದೇ ಅಪರಾಧ ಎಂದು ಅದರಲ್ಲಿ ಎಲ್ಲೂ ಇಲ್ಲ. ಕಾಯ್ದೆ ನೋಡುವುದು ಅನುಮತಿಯನ್ನು. 43ನೇ ಸೆಕ್ಷನ್ ಪ್ರಕಾರ ಕಂಪ್ಯೂಟರಿನ ಮಾಲೀಕರ ಅಥವಾ ಅದರ ಹೊಣೆ ಹೊತ್ತವರ ಅನುಮತಿ ಇಲ್ಲದೆ ಒಳಹೊಕ್ಕರೆ, ಡೇಟಾ ನಕಲು ಮಾಡಿದರೆ, ಸೇವೆಗೆ ಅಡ್ಡಿ ಮಾಡಿದರೆ ಪರಿಹಾರ ಕೊಡಬೇಕು. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚಿಸುವ ಉದ್ದೇಶದಿಂದ ಮಾಡಿದರೆ 66ನೇ ಸೆಕ್ಷನ್ ಬರುತ್ತದೆ. 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಸರ್ಕಾರ ಸಂರಕ್ಷಿತ ಎಂದು ಘೋಷಿಸಿದ ವ್ಯವಸ್ಥೆಗಳನ್ನು ಮುಟ್ಟಿದರೆ 70ನೇ ಸೆಕ್ಷನ್, 10 ವರ್ಷದವರೆಗೆ ಜೈಲು. ಆಧಾರ್ ಮಾಹಿತಿ ಇಡುವ ಕೇಂದ್ರ ಇಂಥ ಸಂರಕ್ಷಿತ ವ್ಯವಸ್ಥೆ. ಅದರ ಹತ್ತಿರಕ್ಕೂ ಹೋಗಬೇಡಿ.

"ನಾನು ಒಳ್ಳೆಯದಕ್ಕೇ ಮಾಡಿದೆ" ಎಂದು ಹೇಳುವ ಸಂಶೋಧಕರಿಗೆ ಈ ಕಾಯ್ದೆಯಲ್ಲಿ ಪ್ರತ್ಯೇಕ ರಕ್ಷಣೆ ಇಲ್ಲ. ಇದು ದೊಡ್ಡ ಕೊರತೆ. ಪ್ರಾಮಾಣಿಕವಾಗಿ ದೋಷ ತಿಳಿಸುವ ಹುಡುಗರು ಹೆದರಿ ಸುಮ್ಮನಾಗುತ್ತಾರೆ, ತೂತು ಹಾಗೇ ಉಳಿಯುತ್ತದೆ. ಕಾನೂನು ಬದಲಾಗಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಅಲ್ಲಿಯವರೆಗೆ ನಿಮ್ಮ ರಕ್ಷಣೆ ನಿಮ್ಮ ಕೈಯಲ್ಲಿ. ಯಾರ ಸಿಸ್ಟಂ ಪರೀಕ್ಷಿಸುತ್ತೀರೋ ಅವರಿಂದ ಬರಹದಲ್ಲಿ ಅನುಮತಿ ತೆಗೆದುಕೊಳ್ಳಿ. ಯಾವ ವಿಳಾಸಗಳು, ಯಾವ ದಿನಗಳು, ಏನು ಮಾಡಬಾರದು, ಏನಾದರೂ ನಿಂತುಹೋದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಅದರಲ್ಲಿರಲಿ. ಕಾಲೇಜಿನ ವೈಫೈ ನಿಮ್ಮದಲ್ಲ. ಮೇಷ್ಟ್ರು ಬಾಯಿಮಾತಿನಲ್ಲಿ "ನೋಡು" ಅಂದರೂ ಸಾಲದು.

ಟೂಲ್‌ಗಳನ್ನೇ ತಡೆಯಲು ಹೊರಟ ದೇಶವೂ ಇದೆ. ಜರ್ಮನಿ 2007ರಲ್ಲಿ ಅಪರಾಧಕ್ಕೆಂದು ಮಾಡಿದ ಹ್ಯಾಕಿಂಗ್ ಪ್ರೋಗ್ರಾಂ ಬರೆಯುವುದು, ಹಂಚುವುದು ಶಿಕ್ಷಾರ್ಹ ಎಂದು ದಂಡ ಸಂಹಿತೆಗೆ 202ಸಿ ಸೇರಿಸಿತು. ಭದ್ರತಾ ಸಂಶೋಧಕರು ಹೆದರಿ ತಮ್ಮ ಟೂಲ್‌ಗಳನ್ನು ಇಂಟರ್ನೆಟ್‌ನಿಂದ ತೆಗೆದರು, ಕೆಲವು ಯೋಜನೆಗಳು ದೇಶ ಬಿಟ್ಟು ಹೋದವು. 2009ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ, ಎರಡೂ ಕೆಲಸಕ್ಕೆ ಬರುವ ಟೂಲ್‌ಗಳಿಗೆ ಈ ಸೆಕ್ಷನ್ ಅನ್ವಯಿಸುವುದಿಲ್ಲ ಎಂದು ಸ್ಪಷ್ಟ ಮಾಡಿತು.

ಒಂದು ಸೈಟ್‌ನಲ್ಲಿ ದೋಷ ಕಣ್ಣಿಗೆ ಬಿತ್ತು. ಏನು ಮಾಡಲಿ?

ಮೊದಲು ನಿಲ್ಲಿಸಿ. ದೋಷ ಇದೆ ಎಂದು ಗೊತ್ತಾದ ಮೇಲೆ ಇನ್ನೂ ಒಳಗೆ ಹೋಗಬೇಡಿ. ಇನ್ನೊಬ್ಬರ ಡೇಟಾ ಡೌನ್‌ಲೋಡ್ ಮಾಡಬೇಡಿ, ಪುರಾವೆಗೆ ಎಂದು ಕೂಡ. ಕಂಪನಿಗೆ ದೋಷ ತಿಳಿಸುವ ನೀತಿ ಅಥವಾ ದೋಷ ತಿಳಿಸಿದವರಿಗೆ ಬಹುಮಾನ ಕೊಡುವ ಬಗ್ ಬೌಂಟಿ ಇದೆಯೇ ನೋಡಿ. ಇದ್ದರೆ ಅದರ ನಿಯಮ ಪೂರ್ತಿ ಓದಿ. ಬೌಂಟಿ ಪದ್ಧತಿ ಹೊಸದೇನಲ್ಲ, ನೆಟ್‌ಸ್ಕೇಪ್ 1995ರಲ್ಲೇ ಶುರು ಮಾಡಿತ್ತು. ಕಂಪನಿ ಉತ್ತರಿಸದಿದ್ದರೆ, ಅಥವಾ ಅದು ಸರ್ಕಾರಿ ಸೈಟ್ ಆಗಿದ್ದರೆ, ಸರ್ಟ್-ಇನ್‌ಗೆ ತಿಳಿಸಿ. ಸೈಬರ್ ಭದ್ರತೆ ನೋಡಿಕೊಳ್ಳಲು 2004ರಿಂದ ಕೆಲಸ ಮಾಡುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ ಅದು. ದೋಷಗಳಿಗೆ ಜಗತ್ತಿನಾದ್ಯಂತ ಬಳಸುವ ಸಿವಿಇ ಸಂಖ್ಯೆ ಕೊಡುವ ಅಧಿಕಾರವೂ ಅದಕ್ಕಿದೆ.

ಹಣ ಕೊಟ್ಟರೆ ಮಾತ್ರ ಹೇಳುತ್ತೇನೆ ಎಂದು ಬರೆಯಬೇಡಿ. ಅದು ಬೆದರಿಕೆಯಾಗುತ್ತದೆ. ದೋಷವನ್ನು ಬಹಿರಂಗ ಮಾಡುವ ಮೊದಲು ಎಷ್ಟು ದಿನ ಕಾಯಬೇಕು ಅನ್ನುವುದಕ್ಕೆ ಎಲ್ಲರೂ ಒಪ್ಪುವ ಒಂದೇ ಅಂಕಿ ಇಲ್ಲ, ಗೂಗಲ್‌ನ ದೋಷ ಹುಡುಕುವ ತಂಡ ಪ್ರಾಜೆಕ್ಟ್ ಝೀರೋ 90 ದಿನ ಕೊಡುತ್ತದೆ.

ಹ್ಯಾಕರ್ ಸಂಸ್ಕೃತಿ ಅಂತ ನಿಜವಾಗಿ ಒಂದು ಇದೆಯಾ?

ಇದೆ. ಅದಕ್ಕೆ ಪತ್ರಿಕೆಗಳಿವೆ, ಜಾತ್ರೆಗಳಿವೆ, ಒಳಜಗಳಗಳಿವೆ, ತಾನೇ ಹಾಕಿಕೊಂಡ ಕಟ್ಟುಪಾಡುಗಳೂ ಇವೆ.

1981ರಲ್ಲಿ ಬರ್ಲಿನ್‌ನಲ್ಲಿ ವಾವ್ ಹೋಲಂಡ್ ಮತ್ತು ಗೆಳೆಯರು ಕೇಯಾಸ್ ಕಂಪ್ಯೂಟರ್ ಕ್ಲಬ್ ಕಟ್ಟಿದರು. ಆಗ ಜರ್ಮನಿಯ ಅಂಚೆ ಇಲಾಖೆ ಬಿಟಿಎಕ್ಸ್ ಎಂಬ ಆನ್‌ಲೈನ್ ಸೇವೆ ನಡೆಸುತ್ತಿತ್ತು, ಅದು ಪೂರ್ತಿ ಸುರಕ್ಷಿತ ಎಂದು ಹೇಳುತ್ತಿತ್ತು. 1984ರ ನವೆಂಬರ್‌ನ ಒಂದು ರಾತ್ರಿ ಕ್ಲಬ್ಬಿನವರು ಹ್ಯಾಂಬರ್ಗಿನ ಒಂದು ಬ್ಯಾಂಕಿನ ಹೆಸರಿನಲ್ಲಿ ಲಾಗಿನ್ ಆಗಿ, ದುಡ್ಡು ಕೊಟ್ಟು ನೋಡಬೇಕಾದ ಕ್ಲಬ್ಬಿನದೇ ಪುಟವನ್ನು ಮತ್ತೆ ಮತ್ತೆ ತೆರೆಯುವಂತೆ ಮಾಡಿದರು. ಬೆಳಗಾಗುವ ಹೊತ್ತಿಗೆ ಅವರ ಖಾತೆಗೆ ಸುಮಾರು 1.35 ಲಕ್ಷ ಮಾರ್ಕ್ ಬಂದಿತ್ತು. ಪತ್ರಕರ್ತರನ್ನು ಕರೆದು ಎಲ್ಲ ತೋರಿಸಿದರು, ಹಣ ವಾಪಸ್ ಮಾಡಿದರು. ಹ್ಯಾಕರ್ ನೀತಿಗೆ ಈ ಕ್ಲಬ್ ಸೇರಿಸಿದ ಒಂದು ಮಾತು ನನಗೆ ತುಂಬ ಹಿಡಿಸುತ್ತದೆ: ಸಾರ್ವಜನಿಕ ಮಾಹಿತಿಯನ್ನು ಬಳಸಿ, ಖಾಸಗಿ ಮಾಹಿತಿಯನ್ನು ಕಾಪಾಡಿ.

ಫ್ರ್ಯಾಕ್ ಶುರುವಾದದ್ದು 1985ರಲ್ಲಿ. ಅದರ ಸಂಪಾದಕ ಕ್ರೇಗ್ ನೈಡಾರ್ಫ್ ಮೇಲೆ 1990ರಲ್ಲಿ ಶಿಕಾಗೋದಲ್ಲಿ ಮೊಕದ್ದಮೆ ನಡೆಯಿತು. ತುರ್ತು ದೂರವಾಣಿ ವ್ಯವಸ್ಥೆಯ ಬಗ್ಗೆ ಟೆಲಿಫೋನ್ ಕಂಪನಿಯ ಒಂದು ಕಡತವನ್ನು ಪ್ರಕಟಿಸಿದರು ಎಂಬ ಆರೋಪ. ಅದರ ಬೆಲೆ 79,449 ಡಾಲರ್ ಎಂದು ಹೇಳಲಾಗಿತ್ತು. ಅದೇ ಮಾಹಿತಿಯನ್ನು ಯಾರು ಬೇಕಾದರೂ 13 ಡಾಲರ್ ಕೊಟ್ಟು ಕೊಳ್ಳಬಹುದು ಎಂದು ವಿಚಾರಣೆಯಲ್ಲಿ ಹೊರಬಂತು. ಸರ್ಕಾರ ಮೊಕದ್ದಮೆ ಕೈಬಿಟ್ಟಿತು. ಇಂಥ ಮೊಕದ್ದಮೆಗಳ ಬಿಸಿಯಲ್ಲೇ ಅದೇ ವರ್ಷ ಎಲೆಕ್ಟ್ರಾನಿಕ್ ಫ್ರಂಟಿಯರ್ ಫೌಂಡೇಶನ್ ಹುಟ್ಟಿತು. ಡಿಜಿಟಲ್ ಹಕ್ಕುಗಳಿಗಾಗಿ ಅದು ಇವತ್ತಿಗೂ ಕೋರ್ಟುಗಳಲ್ಲಿ ಹೋರಾಡುತ್ತಿದೆ.

1998ರ ಮೇ 19ರಂದು ಲಾಫ್ಟ್‌ನ ಏಳು ಜನ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕೂತರು. ಎದುರಿನ ಫಲಕಗಳಲ್ಲಿ ಇದ್ದದ್ದು ಮಡ್ಜ್, ವೆಲ್ಡ್ ಪಾಂಡ್, ಸ್ಪೇಸ್ ರೋಗ್ ಎಂಬಂಥ ಅಡ್ಡಹೆಸರುಗಳು. ತಾವು ಏಳು ಜನ ಸೇರಿದರೆ 30 ನಿಮಿಷದಲ್ಲಿ ಇಂಟರ್ನೆಟ್ ಬೀಳಿಸಬಹುದು ಎಂದು ಹೇಳಿದರು. ಹೆದರಿಸಲು ಹೇಳಿದ್ದಲ್ಲ, ಸರಿಪಡಿಸಿ ಎಂದು ಕೇಳಲು. ಮಡ್ಜ್, ಅಂದರೆ ಪೀಟರ್ ಝಾಟ್ಕೋ, ಮುಂದೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾದಲ್ಲಿ ಕೆಲಸ ಮಾಡಿದರು.

ಜಾತ್ರೆಗಳಲ್ಲಿ ದೊಡ್ಡದು ಲಾಸ್ ವೇಗಸ್‌ನ ಡೆಫ್ ಕಾನ್. ಜೆಫ್ ಮಾಸ್ 1993ರಲ್ಲಿ ಶುರು ಮಾಡಿದರು. ಅಲ್ಲಿ ಕುರಿಗಳ ಗೋಡೆ ಎಂಬುದಿದೆ. ಗೂಢಲಿಪಿ ಇಲ್ಲದೆ ಯಾರಾದರೂ ಲಾಗಿನ್ ಆದರೆ ಅವರ ಹೆಸರು, ಅರ್ಧ ಮುಚ್ಚಿದ ಪಾಸ್‌ವರ್ಡ್ ದೊಡ್ಡ ಪರದೆಯಲ್ಲಿ ಬರುತ್ತದೆ. ಬೇಕಂತಲೇ ತೂತು ಬಿಟ್ಟ ಸಿಸ್ಟಂಗಳನ್ನು ಮುರಿದು ಅಂಕ ಗಳಿಸುವ ಸಿಟಿಎಫ್ ಎಂಬ ಸ್ಪರ್ಧೆ 1996ರಿಂದ ಅಲ್ಲಿ ನಡೆಯುತ್ತಿದೆ, ಈಗ ನಮ್ಮ ಕಾಲೇಜುಗಳಲ್ಲೂ ಇದೆ.

ಈ ಲೋಕದಲ್ಲಿ ನಿಮ್ಮ ಡಿಗ್ರಿ ಯಾರೂ ಕೇಳುವುದಿಲ್ಲ, ಏನು ಬರೆದೆ, ಏನು ಕಂಡುಹಿಡಿದೆ ಎಂದು ಕೇಳುತ್ತಾರೆ. ಕೆಟ್ಟ ಚಾಳಿಗಳೂ ಇವೆ. ಹೊಸಬರ ಪ್ರಶ್ನೆಗೆ ಹೀಯಾಳಿಕೆಯ ಉತ್ತರ ಕೊಡುವುದು, ಹೆಣ್ಣುಮಕ್ಕಳನ್ನು ಹೊರಗಿನವರಂತೆ ನೋಡುವುದು ಬಹಳ ಕಾಲ ನಡೆಯಿತು. ಪೂರ್ತಿ ಹೋಗಿಲ್ಲ. ಅದನ್ನು ಸಂಸ್ಕೃತಿ ಎಂದು ಯಾರಾದರೂ ಸಮರ್ಥಿಸಿದರೆ ನಂಬಬೇಡಿ.

ಕರ್ನಾಟಕದಲ್ಲಿ ಇಂಥ ಜನ ಎಲ್ಲಿ ಸಿಗುತ್ತಾರೆ?

ಬೆಂಗಳೂರಿನಲ್ಲಿ ನಲ್ ಎಂಬ ಮುಕ್ತ ಸಮುದಾಯದ ಘಟಕ ಇದೆ. ಅವರ ಸಭೆಗಳಿಗೆ ಪ್ರವೇಶ ಉಚಿತ. ಕಲಿತವರು ಎದ್ದು ನಿಂತು ಹೇಳಿಕೊಡುತ್ತಾರೆ, ಬಂದವರು ಕೇಳುತ್ತಾರೆ. ಇದೇ ಸಮುದಾಯದಿಂದ ಹುಟ್ಟಿದ ನಲ್‌ಕಾನ್ ಸಮ್ಮೇಳನ 2010ರಿಂದ ಗೋವಾದಲ್ಲಿ ನಡೆಯುತ್ತಿದೆ. ರಾಜ್ಯ ಸರ್ಕಾರದ ಸೈಬರ್ ಭದ್ರತಾ ಕೇಂದ್ರ ಸೈಸೆಕ್ ಭಾರತೀಯ ವಿಜ್ಞಾನ ಸಂಸ್ಥೆಯ ಆಸರೆಯಲ್ಲಿದೆ, ವಿದ್ಯಾರ್ಥಿಗಳಿಗೆ ತರಬೇತಿ ಕೊಡುತ್ತದೆ. ಬೆಂಗಳೂರಿಗೆ ಬರಲು ಆಗದವರು ಸಿಟಿಎಫ್ ಆಡಬಹುದು. ಅದಕ್ಕೆ ಇಂಟರ್ನೆಟ್ ಇದ್ದರೆ ಸಾಕು.

ಎಲ್ಲಿಂದ ಶುರು ಮಾಡಲಿ? ಇಂಗ್ಲಿಷ್ ಚೆನ್ನಾಗಿ ಬರಬೇಕಾ?

ಟೂಲ್‌ನಿಂದ ಬೇಡ. ಲಿನಕ್ಸ್ ಕಮಾಂಡ್‌ಗಳು, ಟಿಸಿಪಿ/ಐಪಿ, ಪೈಥಾನ್, ಈ ಮೂರು ಮೊದಲು. ಓವರ್‌ದವೈರ್ ಸೈಟಿನ ಬ್ಯಾಂಡಿಟ್ ಆಟ ಲಿನಕ್ಸ್ ಕಲಿಸುತ್ತದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪಿಕೋಸಿಟಿಎಫ್ ಹೈಸ್ಕೂಲ್ ಮಕ್ಕಳಿಗೂ ಆಗುತ್ತದೆ. ವೆಬ್ ದೋಷಗಳಿಗೆ ಬರ್ಪ್ ಸೂಟ್ ಮಾಡಿದ ಪೋರ್ಟ್‌ಸ್ವಿಗರ್‌ನವರ ಉಚಿತ ಪಾಠಗಳಿಗಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಮನೆಯಲ್ಲೇ ಅಭ್ಯಾಸಕ್ಕೆ ಬೇಕಂತಲೇ ತೂತು ಬಿಟ್ಟು ಮಾಡಿದ ಮೆಟಾಸ್ಪ್ಲಾಯ್ಟಬಲ್, ಜ್ಯೂಸ್ ಶಾಪ್ ಇವೆ. ಇವನ್ನು ಇಂಟರ್ನೆಟ್‌ಗೆ ತೆರೆದಿಡಬೇಡಿ, ಒಳಗಿನ ನೆಟ್‌ವರ್ಕ್‌ನಲ್ಲೇ ಇರಲಿ.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲು ಕಷ್ಟ ಆಗುತ್ತದೆ, ಸುಳ್ಳು ಹೇಳುವುದಿಲ್ಲ. ಕೈಪಿಡಿಗಳೆಲ್ಲ ಇಂಗ್ಲಿಷ್. ಆದರೆ ಅವುಗಳ ಇಂಗ್ಲಿಷ್ ಕಾದಂಬರಿಯ ಇಂಗ್ಲಿಷ್ ಅಲ್ಲ. ಅದೇ ಐನೂರು ಪದ ಮತ್ತೆ ಮತ್ತೆ ಬರುತ್ತದೆ. ನೀವು ಕಲಿತದ್ದನ್ನು ಕನ್ನಡದಲ್ಲಿ ಬರೆಯಿರಿ. ಮುಂದೆ ಬರುವವರಿಗೆ ಅದು ಬೇಕೇ ಬೇಕು.

ಈ ಟೂಲ್‌ಗಳನ್ನೇ ನಂಬಬಹುದಾ?

ಅಧಿಕೃತ ಸೈಟ್‌ನಿಂದ ಮಾತ್ರ ಇಳಿಸಿಕೊಳ್ಳಿ. ಟೆಲಿಗ್ರಾಂ ಗುಂಪಿನಲ್ಲಿ ಸಿಗುವ "ಕ್ರ್ಯಾಕ್ಡ್" ಟೂಲ್‌ಗಳಲ್ಲಿ ಕಳ್ಳ ಕೋಡ್ ಇರುವುದು ಸಾಮಾನ್ಯ. ಅಧಿಕೃತ ದಾರಿಯಲ್ಲೂ ಎಚ್ಚರ ಬೇಕು. 2024ರ ಮಾರ್ಚ್‌ನಲ್ಲಿ ಎಕ್ಸ್‌ಝಡ್ ಎಂಬ ಕಡತ ಕುಗ್ಗಿಸುವ ಪ್ರೋಗ್ರಾಂನಲ್ಲಿ ಹಿಂಬಾಗಿಲು ಸಿಕ್ಕಿತು. ಜಿಯಾ ಟಾನ್ ಎಂಬ ಹೆಸರಿನವರೊಬ್ಬರು ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ ಅದನ್ನು ಸೇರಿಸಿದ್ದರು. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಬೆನ್ನು ಹತ್ತಿದ್ದರಿಂದ ಸಿಕ್ಕಿಬಿತ್ತು. ಮಾರ್ಚ್ 26ರಿಂದ 29ರ ನಡುವೆ ಅಪ್‌ಡೇಟ್ ಮಾಡಿದ ಕಾಳಿ ಲಿನಕ್ಸ್‌ಗಳಿಗೂ ಅದು ಬಂದಿತ್ತು. ಕಾಳಿ ತಂಡ ಅದನ್ನು ಮುಚ್ಚಿಡದೆ ಕೂಡಲೇ ಹೇಳಿತು.

ಗೆಳೆಯನ ಇನ್‌ಸ್ಟಾಗ್ರಾಂ ಹ್ಯಾಕ್ ಮಾಡಿಕೊಡ್ತೀರಾ?

ಇಲ್ಲ. ದುಡ್ಡು ಕೊಟ್ಟರೆ ಮಾಡಿಕೊಡುತ್ತೇವೆ ಎನ್ನುವವರು ನಿಮ್ಮ ದುಡ್ಡನ್ನೇ ಹೊಡೆಯುತ್ತಾರೆ.

ನನ್ನದೇ ಅಕೌಂಟ್ ಹೋಗಿದೆ, ಬ್ಯಾಂಕಿನಿಂದ ಹಣ ಹೋಗಿದೆ. ಈಗ?

ಇದನ್ನು ಓದುವುದು ನಿಲ್ಲಿಸಿ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೂ ಕೂಡಲೇ ಹೇಳಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುವ ಮೊದಲು ದೂರು ತಲುಪಿದರೆ ತಡೆಯಲು ಆಗುತ್ತದೆ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಬರಹದ ದೂರು ಕೊಡಿ. ಮೆಸೇಜ್, ಕರೆ ಬಂದ ನಂಬರ್, ವ್ಯವಹಾರದ ಸಂಖ್ಯೆ ಯಾವುದನ್ನೂ ಅಳಿಸಬೇಡಿ. ಇಮೇಲ್ ಪಾಸ್‌ವರ್ಡ್ ಮೊದಲು ಬದಲಿಸಿ, ಅದೂ ಬೇರೆ ಫೋನ್ ಅಥವಾ ಕಂಪ್ಯೂಟರಿನಿಂದ. ಉಳಿದ ಎಲ್ಲ ಅಕೌಂಟುಗಳ ಪಾಸ್‌ವರ್ಡ್ ಬದಲಿಸುವ ಲಿಂಕ್ ಬರುವುದು ಅಲ್ಲಿಗೇ.